ಬೀಗ ಬಿಡಿಸುವ ಹವ್ಯಾಸಕ್ಕೆ ಒಳ್ಳೆಯ ಪಿಕ್‌ಗಳನ್ನು ಆರಿಸಿಕೊಳ್ಳುವ ಬಗೆ

ಬೀಗದ ಒಳಗೆ ಕಣ್ಣು ಹೋಗುವುದಿಲ್ಲ. ಐದಾರು ಪಿನ್‌ಗಳ ಪೈಕಿ ಯಾವುದು ಬಿಗಿದುಕೊಂಡಿದೆ, ಯಾವುದು ಇನ್ನೂ ಸ್ಪ್ರಿಂಗಿನ ಮೇಲೆ ಸಡಿಲವಾಗಿ ಆಡುತ್ತಿದೆ, ಯಾವುದು ಈಗಷ್ಟೇ ತನ್ನ ಸ್ಥಾನಕ್ಕೆ ಬಂದು ಕೂತಿತು ಎಂಬುದೆಲ್ಲ ಅರ್ಧ ಮಿಲಿಮೀಟರಿನಷ್ಟು ದಪ್ಪದ, ಪಿಕ್ ಎಂಬ ಒಂದು ಉಕ್ಕಿನ ಪಟ್ಟಿಯ ಮೂಲಕ ಬೆರಳಿಗೆ ಬಂದು ಮುಟ್ಟಬೇಕು. ಕೀಲಿಕೈ ಇಲ್ಲದೆ, ಬೀಗಕ್ಕೆ ಹಾನಿಯನ್ನೂ ಮಾಡದೆ ಅದನ್ನು ತೆರೆಯುವುದನ್ನು ಹವ್ಯಾಸವಾಗಿ ಕೈಗೊಂಡವರಿಗೆ ಪಿಕ್‌ನ ಗುಣಮಟ್ಟ ಇಷ್ಟು ಮುಖ್ಯವಾಗುವುದು ಈ ಕಾರಣಕ್ಕೆ. ಮಾರುಕಟ್ಟೆಯಲ್ಲಿ ಮೂವತ್ತು ತುಂಡುಗಳಿರುವ ಸೆಟ್‌ಗಳು ಸುಲಭವಾಗಿ ಸಿಗುತ್ತವೆ. ಹೊಸಬರು ಸಹಜವಾಗಿಯೇ ಅವುಗಳತ್ತ ಆಕರ್ಷಿತರಾಗುತ್ತಾರೆ. ಆದರೆ ಚೆನ್ನಾಗಿ ಮಾಡಿದ ಮೂರು ಪಿಕ್‌ಗಳೂ ಬೀಗದ ಕಂಡಿಗೆ ಸರಿಯಾಗಿ ಕೂರುವ ಎರಡು ಮೂರು ಟೆನ್ಷನ್ ಟೂಲ್‌ಗಳೂ (ಬೀಗಕ್ಕೆ ತಿರುಚುವ ಒತ್ತಡ ಕೊಡುವ ಬಾಗಿದ ಪಟ್ಟಿಗಳು) ಅಂಥ ಸೆಟ್‌ಗಿಂತ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಕಾರಣಗಳನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಈ ಹವ್ಯಾಸದ ಶಿಸ್ತಿನ ಬಗ್ಗೆ ಹೇಳಲೇಬೇಕು. ಜರ್ಮನಿಯಲ್ಲಿ 1997ರಲ್ಲಿಯೇ ಬೀಗ ಬಿಡಿಸುವ ಹವ್ಯಾಸಿಗಳ ಸಂಘವೊಂದು ಹುಟ್ಟಿಕೊಂಡಿತು. ನೆದರ್ಲೆಂಡ್ಸ್‌ನಲ್ಲಿ ಬೆಳೆದ ‘ಟೂಲ್’ ಎಂಬ ಸಂಘಟನೆ ಇಂದು ಅಮೆರಿಕದಲ್ಲಿಯೂ ಶಾಖೆಗಳನ್ನು ಹೊಂದಿದೆ. ಎಲ್ಲಿಯೇ ಆಗಲಿ, ಹವ್ಯಾಸಿಗಳು ಒಪ್ಪಿಕೊಂಡಿರುವ ನಿಯಮಗಳು ಎರಡು. ನಿಮ್ಮದಲ್ಲದ ಬೀಗವನ್ನು ಒಡೆಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಟ್ಟಬಾರದು; ನಿಮ್ಮದೇ ಆದರೂ ದಿನನಿತ್ಯ ಬಳಸುವ ಬೀಗದ ಮೇಲೆ ಅಭ್ಯಾಸ ಮಾಡಬಾರದು. ಎರಡನೆಯ ನಿಯಮದ ಹಿಂದಿರುವುದು ಕೇವಲ ಯಾಂತ್ರಿಕ ಕಾರಣ: ಪಿಕ್ ಮಾಡುವಾಗ ಪಿನ್‌ಗಳು ಸವೆಯುತ್ತವೆ, ಸ್ಪ್ರಿಂಗ್ ಸೊಟ್ಟಗಾಗಬಹುದು, ಮುಂದೊಂದು ದಿನ ಮನೆಯ ಬಾಗಿಲು ಅದರದೇ ಕೀಲಿಕೈಗೂ ತೆರೆಯದೆ ಹೋಗಬಹುದು. ಈ ಸಲಕರಣೆಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಊರೆಲ್ಲ, ಅದರಲ್ಲಿಯೂ ರಾತ್ರಿ ಹೊತ್ತಿನಲ್ಲಿ, ತಿರುಗುವುದು ಸಲ್ಲದು. ಅವು ಅಭ್ಯಾಸ ಮಾಡುವ ಮೇಜಿನ ಮೇಲೆಯೇ ಇರಲಿ. ಮನೆಯಲ್ಲಿ ಮಕ್ಕಳಿದ್ದರೆ ಈ ಮಾತನ್ನು ಅವರಿಗೂ ತಿಳಿಸಿ ಹೇಳುವುದು ಒಳ್ಳೆಯದು.

ಪಿಕ್ ಕೊಳ್ಳುವ ಮೊದಲು ನೋಡಬೇಕಾದದ್ದು ಬೀಗವನ್ನು. ನಮ್ಮ ದೇಶದಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಪಾಶ್ಚಾತ್ಯ ಹವ್ಯಾಸಿಗಳು ಬರೆದ ಸಲಹೆಗಳೆಲ್ಲ ಬಹುಮಟ್ಟಿಗೆ ಪಿನ್ ಟಂಬ್ಲರ್ ಬೀಗಗಳನ್ನು, ಅಂದರೆ 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಕಿರಿಯ ಈಗಿನ ರೂಪಕ್ಕೆ ತಂದ ಬೀಗಗಳನ್ನು ಉದ್ದೇಶಿಸಿದವು. ನಮ್ಮ ಮನೆಗಳ ಗೇಟಿಗೂ ಅಂಗಡಿಗಳ ಷಟರಿಗೂ ತೂಗುಹಾಕಿರುವ ಬೀಗಗಳಲ್ಲಿ ಬಹಳಷ್ಟು ಆ ಜಾತಿಗೆ ಸೇರಿದವಲ್ಲ. ಅಲಿಗಢದಿಂದ ಬರುವ ಸಾಂಪ್ರದಾಯಿಕ ಬೀಗಗಳು, 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ತಮಿಳುನಾಡಿನ ದಿಂಡಿಗಲ್ ಬೀಗಗಳು, ಮನೆಮನೆಗೂ ಪರಿಚಿತವಾದ ಗೋದ್ರೆಜ್‌ನ ನವ್‌ತಾಲ್ ಮುಂತಾದವು ಲಿವರ್ ಬೀಗಗಳು. ಅವುಗಳೊಳಗೆ ಪಿನ್‌ಗಳಿಲ್ಲ, ಒಂದರ ಮೇಲೊಂದು ಜೋಡಿಸಿದ ಲೋಹದ ತಗಡುಗಳಿರುತ್ತವೆ, ಪ್ರತಿಯೊಂದನ್ನೂ ತಕ್ಕಷ್ಟೇ ಎತ್ತಿದಾಗ ಮಾತ್ರ ಅಗುಳಿ ಸರಿಯುತ್ತದೆ. ಆ ಬೀಗಗಳಿಗೆ ದಪ್ಪ ತಂತಿಯಿಂದ ಮಾಡಿದ, ಅಗುಳಿಗೆ ಒತ್ತಡ ಕೊಡುವ ಭಾಗವೂ ಲಿವರ್ ಎತ್ತುವ ಭಾಗವೂ ಜೊತೆಯಾಗಿ ಕೆಲಸ ಮಾಡುವ ಬೇರೆಯದೇ ಸಲಕರಣೆ ಬೇಕು. ವಿದೇಶದಿಂದ ತರಿಸಿದ ಅತ್ಯುತ್ತಮ ಪಿಕ್ ಸೆಟ್ ಕೂಡ ಅವುಗಳ ಮುಂದೆ ನಿರುಪಯುಕ್ತ. ಹಾಗೆಯೇ ನಮ್ಮ ಬೀಗದ ಅಂಗಡಿಗಳಲ್ಲಿ ಕಂಪ್ಯೂಟರ್ ಕೀ ಎಂದು ಕರೆಯುವ, ಮೈಮೇಲೆ ಸಣ್ಣ ಸಣ್ಣ ಗುಳಿಗಳಿರುವ ಚಪ್ಪಟೆ ಕೀಲಿಕೈಯ ಬೀಗಗಳಿಗೂ ಸಾಧಾರಣ ಪಿಕ್ ಹೊಂದುವುದಿಲ್ಲ. ಅವುಗಳಿಗೆ ತುದಿಯಲ್ಲಿ ಪುಟ್ಟ ಬಾವುಟದ ಆಕಾರವಿರುವ ಪಿಕ್ ಬೇಕು. ಕೀಲಿಕೈಯ ಒಂದು ಅಂಚಿನಲ್ಲಿ ಗರಗಸದಂತೆ ಏರಿಳಿತಗಳಿದ್ದರೆ ಅದು ಬಹುತೇಕ ಪಿನ್ ಬೀಗ. ಈ ಬರಹ ಅಂಥ ಬೀಗಗಳಿಗೆ ಸಂಬಂಧಿಸಿದ್ದು.

ಪಿನ್ ಬೀಗದಲ್ಲಿ ಪ್ರತಿ ರಂಧ್ರದೊಳಗೂ ಎರಡು ತುಂಡಾದ ಪಿನ್ ಒಂದು ಸ್ಪ್ರಿಂಗಿನ ಒತ್ತಡದಲ್ಲಿರುತ್ತದೆ. ಎರಡು ತುಂಡುಗಳ ನಡುವಿನ ಸಂದು ಒಳಗಿನ ತಿರುಗುವ ಸಿಲಿಂಡರಿನ ಅಂಚಿಗೆ ಸರಿಯಾಗಿ ಬಂದಾಗ ಸಿಲಿಂಡರ್ ತಿರುಗಲು ದಾರಿಯಾಗುತ್ತದೆ. ಎಷ್ಟೇ ಎಚ್ಚರದಿಂದ ಕೊರೆದರೂ ಈ ರಂಧ್ರಗಳು ಒಂದೇ ಗೆರೆಯಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ. ಆದ್ದರಿಂದ ಸಿಲಿಂಡರಿಗೆ ಸ್ವಲ್ಪ ತಿರುಚುವ ಒತ್ತಡ ಕೊಟ್ಟಾಗ ಎಲ್ಲ ಪಿನ್‌ಗಳೂ ಒಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ, ಒಂದಾದ ಮೇಲೊಂದು ಸಿಕ್ಕಿಕೊಳ್ಳುತ್ತವೆ. ಈ ಅತಿಸೂಕ್ಷ್ಮ ಅಸಮತೆಯೇ ಇಡೀ ಹವ್ಯಾಸದ ಆಧಾರ. ಅದನ್ನು ಪತ್ತೆಹಚ್ಚಲು ಸಹಾಯ ಮಾಡುವ ಪಿಕ್ ಒಳ್ಳೆಯದು, ಅದನ್ನು ಮರೆಮಾಚುವ ಪಿಕ್ ಕೆಟ್ಟದ್ದು. ಉಳಿದ ಗುಣಗಳನ್ನೆಲ್ಲ ಈ ಒಂದು ಅಳತೆಗೋಲಿನಿಂದಲೇ ನೋಡಬಹುದು.

ಮೊದಲು ದಪ್ಪ. ತಯಾರಕರು ಇದನ್ನು ಇಂಚಿನಲ್ಲಿ ಹೇಳುವುದು ವಾಡಿಕೆ. 0.025 ಇಂಚು, ಎಂದರೆ ಸುಮಾರು 0.64 ಮಿ.ಮೀ., ಅಮೆರಿಕದ ಅಗಲವಾದ ಕಂಡಿಗಳಿರುವ ಬೀಗಗಳಿಗೆ ರೂಢಿಯಲ್ಲಿರುವ ದಪ್ಪ. 0.018 ಇಂಚು ಸುಮಾರು 0.46 ಮಿ.ಮೀ. ಆಗುತ್ತದೆ, 0.015 ಇಂಚು ಸುಮಾರು 0.38 ಮಿ.ಮೀ. ನಮ್ಮ ಅಪಾರ್ಟ್‌ಮೆಂಟುಗಳ ಮುಂಬಾಗಿಲುಗಳಲ್ಲಿ ಈಗ ಹೆಚ್ಚಾಗಿ ಕಾಣುವ ಯೂರೋಪಿಯನ್ ಮಾದರಿಯ ಸಿಲಿಂಡರುಗಳ (ಬಾಗಿಲಿನೊಳಗೆ ಕೂರಿಸುವ ಇಂಥ ಇಡೀ ಬೀಗಕ್ಕೂ ಇದೇ ಹೆಸರು) ಕಂಡಿ ಇಕ್ಕಟ್ಟಾಗಿಯೂ ಅಂಕುಡೊಂಕಾಗಿಯೂ ಇರುತ್ತದೆ. ದಪ್ಪ ಪಿಕ್ ಅಲ್ಲಿ ಗೋಡೆಗಳಿಗೆ ಉಜ್ಜಿ ಪಿನ್ನಿನ ಸ್ಪರ್ಶವನ್ನೆಲ್ಲ ಆ ಉಜ್ಜಾಟದಲ್ಲಿ ಮುಳುಗಿಸಿಬಿಡುತ್ತದೆ. ಸಾಮಾನ್ಯ ಹಿತ್ತಾಳೆ ಬೀಗದ ಮೇಲೆ ಅಭ್ಯಾಸ ಆರಂಭಿಸುವವರಿಗೆ 0.025 ಇಂಚು ಸಾಕು. ಸಿಲಿಂಡರುಗಳ ಕಡೆಗೆ ಹೋಗುವ ಮನಸ್ಸಿದ್ದರೆ 0.018ರದ್ದು ಒಂದೆರಡು ಇರಬೇಕು. 0.015ರ ಪಿಕ್‌ಗಳನ್ನು ಮೊದಲಿಗೇ ಕೊಳ್ಳಬೇಡಿ, ಕೈ ಹಗುರವಾದ ಮೇಲೆ ನೋಡಿದರಾಯಿತು.

ಇಲ್ಲಿ ಬಹಳ ಜನ ಗಮನಿಸದ ಒಂದು ಲೆಕ್ಕವಿದೆ. ಪಿಕ್ ಎಷ್ಟು ಬಾಗುತ್ತದೆ ಎಂಬುದನ್ನು ದಪ್ಪವೇ ನಿರ್ಧರಿಸುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಪಿನ್ ಎತ್ತುವಾಗ ಪಿಕ್ ಮೇಲಿನಿಂದ ಕೆಳಕ್ಕೆ ಬಾಗುತ್ತದೆಯಾದ್ದರಿಂದ, ಆ ದಿಕ್ಕಿನಲ್ಲಿ ಅದರ ಬಿಗುವು ದಪ್ಪಕ್ಕೆ ನೇರ ಅನುಪಾತದಲ್ಲಿಯೂ, ಹಿಡಿಯಿಂದ ತುದಿಯವರೆಗೆ ಹೋಗುವ ಕಾಂಡದ ಎತ್ತರದ ಘನಕ್ಕೆ ಅನುಪಾತದಲ್ಲಿಯೂ ಇರುತ್ತದೆ. 0.025 ಇಂಚಿನಿಂದ 0.018ಕ್ಕೆ ಇಳಿದಾಗ ಕಳೆದುಕೊಳ್ಳುವ ಬಿಗುವು ಶೇ. 28 ಮಾತ್ರ. ಅದೇ ಕಾಂಡದ ಎತ್ತರವನ್ನು 2 ಮಿ.ಮೀ.ನಿಂದ 1.6 ಮಿ.ಮೀ.ಗೆ ತಂದರೆ ಬಿಗುವು ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ. ಹಾಗಾಗಿ ತೆಳುವಾದ ಪಿಕ್ ತಯಾರಿಸುವವನು ಎತ್ತರವನ್ನು ಶೇ. 12ರಷ್ಟು ಹೆಚ್ಚಿಸಿದರೆ ದಪ್ಪದಲ್ಲಿ ಕಳೆದದ್ದನ್ನು ಪೂರ್ತಿಯಾಗಿ ಮರಳಿ ಪಡೆಯಬಲ್ಲ. ಹಾಗೆಂದು ಎತ್ತರವನ್ನು ಬೇಕಾದಷ್ಟು ಹೆಚ್ಚಿಸುವಂತೆಯೂ ಇಲ್ಲ, ಏಕೆಂದರೆ ಹಿಂದಿನ ಪಿನ್ನನ್ನು ಎತ್ತುವಾಗ ಎತ್ತರದ ಕಾಂಡ ಮುಂದಿನ ಪಿನ್‌ಗಳಿಗೆ ತಾಗಿ ಅವುಗಳನ್ನೂ ಎತ್ತಿಬಿಡುತ್ತದೆ. ಒಳ್ಳೆಯ ಪಿಕ್‌ನ ಕಾಂಡ ಹಿಡಿಯ ಬಳಿ ಎತ್ತರವಾಗಿದ್ದು ತುದಿಯ ಕಡೆಗೆ ಹದವಾಗಿ ಕಿರಿದಾಗುತ್ತ ಹೋಗುವುದು ಈ ಎರಡು ಅಗತ್ಯಗಳ ನಡುವಿನ ಹೊಂದಾಣಿಕೆಯಿಂದ. ಅಗ್ಗದ ಸೆಟ್‌ಗಳಲ್ಲಿ ಕಾಂಡ ಉದ್ದಕ್ಕೂ ಒಂದೇ ಎತ್ತರವಿರುವುದನ್ನೂ, ಹಿಡಿಗೆ ಸೇರುವಲ್ಲಿ ಚೂಪಾದ ಮೂಲೆ ಇರುವುದನ್ನೂ ಕಾಣಬಹುದು. ಅಂಥ ಮೂಲೆಯಲ್ಲಿ ಒತ್ತಡವೆಲ್ಲ ಕೇಂದ್ರೀಕರಿಸುವುದರಿಂದ ಮುರಿಯುವುದೂ ಬಹುಮಟ್ಟಿಗೆ ಅಲ್ಲಿಯೇ. ಕೊಳ್ಳುವಾಗ ಚಿತ್ರವನ್ನು ದೊಡ್ಡದು ಮಾಡಿ ನಾನು ಮೊದಲು ನೋಡುವುದು ಈ ಜಾಗವನ್ನು.

ಪಕ್ಕಕ್ಕೆ ಬಾಗುವ ವಿಷಯದಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ದಪ್ಪದ ಘನವೇ ಮುಖ್ಯ. 0.018ರ ಪಿಕ್ ಪಕ್ಕದ ಬಲದ ಮುಂದೆ 0.025ರದಕ್ಕಿಂತ ಸುಮಾರು ಮೂರನೇ ಎರಡರಷ್ಟು ದುರ್ಬಲ. ತೆಳು ಪಿಕ್ ಹಿಡಿದು ಒತ್ತಾಯ ಮಾಡುವ ಕೈ ಅದನ್ನು ತಿರುಚಿ ಹಾಳುಮಾಡುತ್ತದೆ. ಕೈ ಹಗುರವಾದ ಮೇಲೆಯೇ ಅವುಗಳತ್ತ ಹೋಗಬೇಕೆಂದು ಹೇಳಿದ್ದು ಇದಕ್ಕೆ.

ಇನ್ನು ಉಕ್ಕು. ಜಾಹೀರಾತುಗಳಲ್ಲಿ ಉಕ್ಕಿನ ಹೆಸರನ್ನು ಮಂತ್ರದಂತೆ ಹೇಳಲಾಗುತ್ತದೆ. ಅದರ ಅರ್ಥವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಸ್ಟೇನ್‌ಲೆಸ್ ಉಕ್ಕುಗಳೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗುತ್ತವೆ. ಅಂದರೆ ಒಂದೇ ಆಕಾರದ, ಒಂದೇ ದಪ್ಪದ ಎರಡು ಪಿಕ್‌ಗಳು ಯಾವ ಉಕ್ಕಿನಿಂದ ಮಾಡಿದ್ದರೂ ಒಂದೇ ಬಲಕ್ಕೆ ಒಂದೇ ಅಷ್ಟು ಬಾಗುತ್ತವೆ. ಉಕ್ಕಿನ ಗುಣ ಕಾಣುವುದು ಬಲವನ್ನು ತೆಗೆದ ಮೇಲೆ: ಒಳ್ಳೆಯದು ತನ್ನ ಮೂಲ ಆಕಾರಕ್ಕೆ ಮರಳುತ್ತದೆ, ಮೆತ್ತನೆಯದು ಸೊಟ್ಟಗೇ ಉಳಿಯುತ್ತದೆ. ಹವ್ಯಾಸಿಗಳ ಪಿಕ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವವು 301 ಮತ್ತು 420 ಎಂಬ ದರ್ಜೆಗಳು. 301ರಲ್ಲಿ ಶೇ. 16ರಿಂದ 18ರಷ್ಟು ಕ್ರೋಮಿಯಂ, 6ರಿಂದ 8ರಷ್ಟು ನಿಕ್ಕಲ್ ಇರುತ್ತದೆ. ಕಾಯಿಸಿ ತಣಿಸುವುದರಿಂದ ಇದಕ್ಕೆ ಗಡಸುತನ ಬರುವುದಿಲ್ಲ. ತಣ್ಣಗಿರುವಾಗಲೇ ಉರುಳೆಗಳ ನಡುವೆ ಮತ್ತೆ ಮತ್ತೆ ಒತ್ತಿ ಗಟ್ಟಿಮಾಡುತ್ತಾರೆ. ಪೂರ್ಣ ಗಡಸಿನ 301 ಸ್ಪ್ರಿಂಗಿನಂತೆ ವರ್ತಿಸುತ್ತದೆ, ಮಿತಿಮೀರಿದಾಗಲೂ ಮುರಿಯುವ ಮೊದಲು ಬಾಗಿ ಎಚ್ಚರಿಸುತ್ತದೆ. 420 ಎಂಬುದು ಅಡುಗೆಮನೆಯ ಚಾಕುಗಳಿಗೂ ಶಸ್ತ್ರಚಿಕಿತ್ಸೆಯ ಉಪಕರಣಗಳಿಗೂ ಬಳಕೆಯಾಗುವ, ಕಮ್ಮಾರರು ಮಾಡುವಂತೆ ಕಾಯಿಸಿ ತಣಿಸಿ ಹದ ಕೊಡಬಹುದಾದ ಉಕ್ಕು. ಚೆನ್ನಾಗಿ ಹದಗೊಂಡ 420 ಬಹಳ ಗಟ್ಟಿ, ಆದರೆ ಹದ ಮೀರಿದರೆ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ನನ್ನ ಒಲವು 301ರ ಕಡೆಗೆ. ‘ಸ್ಟೇನ್‌ಲೆಸ್ ಸ್ಟೀಲ್’ ಎಂದಷ್ಟೇ ಬರೆದು ದರ್ಜೆಯನ್ನಾಗಲಿ ಗಡಸುತನವನ್ನಾಗಲಿ ಹೇಳದ ಸೆಟ್‌ಗಳಿಂದ ದೂರವಿರುವುದು ಕ್ಷೇಮ.

ಅಂಚಿನ ನಯಗಾರಿಕೆ ಬೆಲೆಯ ವ್ಯತ್ಯಾಸವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅಚ್ಚಿನಿಂದ ಒತ್ತಿ ಕತ್ತರಿಸಿದ ಪಿಕ್‌ನ ಒಂದು ಬದಿಯಲ್ಲಿ ಲೋಹ ಎದ್ದುನಿಂತ ಮುಳ್ಳಂಚು ಉಳಿಯುತ್ತದೆ. ಲೇಸರಿನಿಂದ ಕತ್ತರಿಸಿದ್ದರಲ್ಲಿ ಅಂಚಿನುದ್ದಕ್ಕೂ ಸಣ್ಣ ಗೆರೆಗಳಿರುತ್ತವೆ. ಕತ್ತರಿಸಿದ ಮೇಲೆ ಅದನ್ನು ಉಜ್ಜಿ ನಯಗೊಳಿಸಿದ್ದಾರೆಯೇ ಎಂಬುದೇ ಪ್ರಶ್ನೆ. ಒರಟು ಅಂಚು ಪಿನ್ನಿನ ಅಡಿಯಲ್ಲಿ ಸರಿಯುವಾಗ ತಾನೇ ಸಣ್ಣ ಸಣ್ಣ ಕಟಕಟ ಸದ್ದನ್ನೂ ತಡೆಯನ್ನೂ ಹುಟ್ಟಿಸುತ್ತದೆ. ಪಿನ್ ಕೂತ ಸೂಚನೆಯೂ ಅದೇ ಬಗೆಯದಾದ್ದರಿಂದ ಕಲಿಯುವವರಿಗೆ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಪರೀಕ್ಷೆ ಸುಲಭ. ಪಿಕ್‌ನ ಅಂಚಿನ ಮೇಲೆ ಹತ್ತಿಯ ಎಳೆಯನ್ನು ಹಗುರವಾಗಿ ಎಳೆದು ನೋಡಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಕೆಲಸ ಬಾಕಿ ಇದೆ. ಬಣ್ಣದ ಅಂಗಡಿಗಳಲ್ಲಿ ಸಿಗುವ ವಾಟರ್ ಪೇಪರಿನಲ್ಲಿ 400, 600, ಆಮೇಲೆ 1000 ನಂಬರಿನದನ್ನು ತೆಗೆದುಕೊಂಡು ನೀರು ಹಚ್ಚಿ ಉದ್ದಕ್ಕೆ ಉಜ್ಜಿದರೆ ಸಾಧಾರಣ ಪಿಕ್ ಕೂಡ ಗಣನೀಯವಾಗಿ ಸುಧಾರಿಸುತ್ತದೆ. ಕೊಕ್ಕೆಯ ತುದಿಯನ್ನು ಮಾತ್ರ ಅತಿಯಾಗಿ ದುಂಡಗೆ ಮಾಡಬಾರದು, ಪಿನ್ನಿನ ಅಡಿಯಿಂದ ಅದು ಜಾರಿಹೋಗುತ್ತದೆ.

ಆಕಾರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಗಿಡ್ಡ ಕೊಕ್ಕೆ, ಅದಕ್ಕಿಂತ ಸ್ವಲ್ಪ ಎತ್ತರದ ಇನ್ನೊಂದು ಕೊಕ್ಕೆ, ಹಲವು ಪಿನ್‌ಗಳನ್ನು ಒಟ್ಟಿಗೆ ಸವರುವ ಅಲೆಯಾಕಾರದ ಒಂದು ರೇಕ್: ಇಷ್ಟರಿಂದಲೇ ಬಹಳ ದೂರ ಹೋಗಬಹುದು. ಕೀಲಿಕೈಯ ಏರಿಳಿತ ಹೆಚ್ಚಾಗಿದ್ದು, ಗಿಡ್ಡ ಪಿನ್ನಿನ ಮುಂದೆ ಉದ್ದದ ಪಿನ್ ಇದ್ದಾಗ ಎತ್ತರದ ಕೊಕ್ಕೆ ಬೇಕಾಗುತ್ತದೆ. ರೇಕ್ ಬೇಗ ಫಲ ಕೊಟ್ಟು ಸಂತೋಷಪಡಿಸುತ್ತದೆ, ಆದರೆ ಒಂದೊಂದೇ ಪಿನ್ನನ್ನು ಗುರುತಿಸುವ ವಿದ್ಯೆಯನ್ನು ಅದು ಕಲಿಸುವುದಿಲ್ಲ.

ಪಿಕ್‌ಗಿಂತ ಹೆಚ್ಚು ಯೋಚಿಸಿ ಆರಿಸಬೇಕಾದದ್ದು ಟೆನ್ಷನ್ ಟೂಲ್. ಸಿಲಿಂಡರಿಗೆ ತಿರುಚುವ ಒತ್ತಡ ಕೊಡುವ ಈ ಬಾಗಿದ ಪಟ್ಟಿಯನ್ನು ಬಹಳ ಸೆಟ್‌ಗಳಲ್ಲಿ ಉಪೇಕ್ಷೆಯಿಂದ ಸೇರಿಸಿರುತ್ತಾರೆ. ಪಿನ್ ಕೂತಾಗ ಸಿಲಿಂಡರ್ ಕೂದಲೆಳೆಯಷ್ಟು ತಿರುಗುತ್ತದೆ. ಡಮರುವಿನಂತೆ ನಡುವೆ ಸಣ್ಣಗಾದ ಸ್ಪೂಲ್ ಪಿನ್ ಇದ್ದರೆ ಅದನ್ನು ಎತ್ತುವಾಗ ಸಿಲಿಂಡರ್ ಹಿಂದಕ್ಕೆ ಒತ್ತುತ್ತದೆ. ಈ ಎರಡೂ ಸುದ್ದಿ ಬರುವುದು ಟೆನ್ಷನ್ ಟೂಲ್ ಹಿಡಿದ ಬೆರಳಿಗೆ. ಅದು ಕಂಡಿಯಲ್ಲಿ ಅಲುಗಾಡುತ್ತಿದ್ದರೆ ಅಥವಾ ತಾನೇ ತಿರುಚಿಕೊಳ್ಳುವಷ್ಟು ಮೆತ್ತಗಿದ್ದರೆ ಆ ಸುದ್ದಿ ದಾರಿಯಲ್ಲಿಯೇ ಇಲ್ಲವಾಗುತ್ತದೆ. ಪಿನ್‌ಗಳಿಗೆ ಎದುರು ತುದಿಯಲ್ಲಿ ಕೂರುವ ಸಾಂಪ್ರದಾಯಿಕ ಬಗೆಗಿಂತ, ಪಿನ್‌ಗಳ ಬದಿಯಲ್ಲಿ ಕಂಡಿಯ ಬಾಯಿಗೆ ಗಿಡ್ಡದಾಗಿ ಕೂರುವ ದಪ್ಪ ಪಟ್ಟಿಯ ಬಗೆಯನ್ನು ನಾನು ಮೆಚ್ಚುತ್ತೇನೆ. ಅದು ಕಂಡಿಯ ಉಳಿದ ಜಾಗವನ್ನೆಲ್ಲ ಪಿಕ್‌ಗೆ ಬಿಟ್ಟುಕೊಡುತ್ತದೆ. ಇವು ಸಾಮಾನ್ಯವಾಗಿ 0.040 ಮತ್ತು 0.050 ಇಂಚು ದಪ್ಪದಲ್ಲಿ, ಅಂದರೆ ಸುಮಾರು 1 ಮತ್ತು 1.27 ಮಿ.ಮೀ.ನಲ್ಲಿ ಬರುತ್ತವೆ, ಎರಡೂ ಕೈಲಿರಬೇಕು. ಅಮೆರಿಕದವರು ಇವುಗಳನ್ನು ಕಂಡಿಯ ಮೇಲ್ಭಾಗದ ಟೂಲ್, ಕೆಳಭಾಗದ ಟೂಲ್ ಎಂದು ವಿಂಗಡಿಸುವುದು ಅವರ ಬಾಗಿಲುಗಳಲ್ಲಿ ಪಿನ್‌ಗಳು ಮೇಲಿರುವುದರಿಂದ. ಯೂರೋಪಿಯನ್ ಸಿಲಿಂಡರಿನಲ್ಲಿ ಪಿನ್‌ಗಳು ಕೆಳಗಿರುತ್ತವೆ ಎಂಬುದನ್ನು ನೆನಪಿಟ್ಟುಕೊಂಡು ಅವರ ಸೂಚನೆಗಳನ್ನು ಓದಬೇಕು.

ಒತ್ತಡವನ್ನು ಸ್ಥಿರವಾಗಿಡುವುದು ಎಷ್ಟು ಮುಖ್ಯ ಎಂಬುದಕ್ಕೆ ಇತಿಹಾಸದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. ಲಂಡನ್ನಿನ ಬ್ರಾಮಾ ಕಂಪನಿ ತನ್ನ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಅದನ್ನು ತೆರೆಯುವ ಸಲಕರಣೆ ಮಾಡಿದವರಿಗೆ 200 ಗಿನಿಗಳ ಬಹುಮಾನ ಸಾರಿತ್ತು. ದಶಕಗಳ ಕಾಲ ಯಾರಿಗೂ ಅದು ದಕ್ಕಲಿಲ್ಲ. 1851ರ ಮಹಾ ವಸ್ತುಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, 16 ದಿನಗಳಲ್ಲಿ ಹಂಚಿಹೋದ ಸುಮಾರು 51 ಗಂಟೆಗಳ ಕೆಲಸದಿಂದ ಅದನ್ನು ತೆರೆದ. ಆ ಬೀಗಕ್ಕೆಂದೇ ಸಲಕರಣೆಗಳನ್ನು ಸಿದ್ಧಪಡಿಸಿಕೊಂಡಿದ್ದ ಅವನು, ಕೈ ತೆಗೆದರೂ ಒಳಗಿನ ಒತ್ತಡ ಬದಲಾಗದಂತೆ ಒಂದು ಸ್ಥಿರ ಉಪಕರಣವನ್ನು ಅಳವಡಿಸಿದ್ದ. ಬ್ರಾಮಾ ಕಂಪನಿಯವರು ಆಕ್ಷೇಪ ಎತ್ತಿದ್ದೂ ಆ ಉಪಕರಣದ ಬಗ್ಗೆಯೇ. ಬಹುಮಾನ ಕೊನೆಗೂ ಅವನಿಗೇ ಸಂದಿತು.

ಹಿಡಿಯ ವಿಷಯದಲ್ಲಿ ಅಭಿರುಚಿಗೆ ಜಾಗವಿದೆ, ಆದರೆ ಮೆತ್ತನೆಯ ಸ್ಪಂಜಿನಂಥ ಹಿಡಿ ಬೇಡವೇ ಬೇಡ. ಅದು ಕಂಪನವನ್ನು ನುಂಗುತ್ತದೆ. ಲೋಹದ ಹಿಡಿ ಎಲ್ಲವನ್ನೂ ತಲುಪಿಸುತ್ತದೆ, ಹೊತ್ತು ಕಳೆದಂತೆ ಬೆರಳನ್ನು ನೋಯಿಸುತ್ತದೆ. ತೆಳು ಪ್ಲಾಸ್ಟಿಕ್ ಹೊದಿಕೆ ಎರಡರ ನಡುವಿನ ಒಳ್ಳೆಯ ದಾರಿ.

ಹೆಸರುವಾಸಿಯಾದ ತಯಾರಕರ ಪೈಕಿ ಅಮೆರಿಕದ ಪೀಟರ್ಸನ್ ಮತ್ತು ಸೌತ್‌ಆರ್ಡ್, ಕೆನಡಾದ ಸ್ಪ್ಯಾರೋಸ್, ಜರ್ಮನಿಯ ಮಲ್ಟಿಪಿಕ್ ಬಿಡಿಬಿಡಿಯಾಗಿಯೂ ಪಿಕ್‌ಗಳನ್ನು ಮಾರುತ್ತಾರೆ ಎಂಬುದು ಗಮನಾರ್ಹ. ಬೇಕಾದ ಮೂರನ್ನಷ್ಟೇ ತರಿಸಬಹುದು. ಸಾಗಣೆಯ ವೆಚ್ಚ, ಕಸ್ಟಮ್ಸ್ ಸುಂಕ ಸೇರಿದರೆ ಅವು ಕೈಗೆಟುಕದೆ ಹೋಗಬಹುದು, ಆಗ ತಾವೇ ಮಾಡಿಕೊಳ್ಳುವುದು ಗೌರವದ ದಾರಿಯೇ. ಕೈಗರಗಸದ ಸಾಮಾನ್ಯ ಬ್ಲೇಡಿನ ದಪ್ಪ ಸುಮಾರು 0.65 ಮಿ.ಮೀ., ಪಿಕ್‌ಗೆ ಹೇಳಿ ಮಾಡಿಸಿದ ಅಳತೆ. ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜಿನಲ್ಲಿ 0.4, 0.5, 0.6 ಮಿ.ಮೀ. ಎಂದು ಬೇಕಾದ ದಪ್ಪದ ಹದಗೊಂಡ ಉಕ್ಕಿನ ಎಲೆಗಳೇ ಇರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎರಡೂ ಕಡಿಮೆ ಬೆಲೆಗೆ ಸಿಗುತ್ತವೆ. ಗ್ರೈಂಡರಿನಲ್ಲಿ ಆಕಾರ ಕೊಡುವಾಗ ಕ್ಷಣಕ್ಷಣಕ್ಕೂ ನೀರಿನಲ್ಲಿ ಅದ್ದಬೇಕು. ಲೋಹ ನೀಲಿಗಟ್ಟಿತೆಂದರೆ ಅದರ ಹದ ಹೋಗಿ ಆ ಜಾಗ ಮೆತ್ತಗಾಗಿದೆ ಎಂದೇ ಅರ್ಥ. ಕಣ್ಣಿಗೆ ಕನ್ನಡಕ ಕಡ್ಡಾಯ. ಕೊನೆಯ ರೂಪವನ್ನು ಅರದಿಂದ, ಕೈಯಿಂದಲೇ ಕೊಡುವುದು ಉತ್ತಮ.

ಹೀಗೆ ಮಾಡಿದ ಇಂಗಾಲದ ಉಕ್ಕಿನ ಪಿಕ್‌ಗಳು ಕರಾವಳಿಯ ಮಳೆಗಾಲದಲ್ಲಿ ಬಹು ಬೇಗ ತುಕ್ಕು ಹಿಡಿಯುತ್ತವೆ. ಬಳಸಿದ ಮೇಲೆ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿಡಬೇಕು. ಸ್ಟೇನ್‌ಲೆಸ್ ಆದರೂ ಬೆವರನ್ನು ಒರೆಸದೆ ಇಡುವುದು ಒಳ್ಳೆಯದಲ್ಲ. ಸ್ವಲ್ಪ ಬಾಗಿದ 301ರ ಪಿಕ್ಕನ್ನು ಬೆರಳಿನಿಂದಲೇ ನೆಟ್ಟಗೆ ಮಾಡಬಹುದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗತೊಡಗಿದರೆ ಅಥವಾ ಕೊಕ್ಕೆಯ ಕುತ್ತಿಗೆಯಲ್ಲಿ ಬೆಳಕಿಗೆ ಹಿಡಿದಾಗ ಸಣ್ಣ ಬಿರುಕು ಕಂಡರೆ ಅದನ್ನು ಆಗಲೇ ಕೈಬಿಡಬೇಕು; ತುದಿ ಬೀಗದೊಳಗೆ ಮುರಿದುಳಿದರೆ ಸಿಲಿಂಡರನ್ನೇ ಬಿಚ್ಚಿ ತೆಗೆಯಬೇಕಾಗುತ್ತದೆ.